275 ಹಾಕಿಸು ಅಂದವರ ಮಾತು ಕೇಳಲಿಲ್ಲ: 328ಐ ಹಿಂಬದಿ ಟೈರಿನ ನನ್ನ ಅನುಭವ

ಗಾಡಿ ಬಿಎಂಡಬ್ಲ್ಯು 328ಐ, ಎಫ್30 ಅನ್ನುವ ತಲೆಮಾರಿನದು. ಕಂಪನಿ ಲೆಕ್ಕದಲ್ಲಿ 245 ಎಚ್‌ಪಿ, 350 ಎನ್‌ಎಂ. ಸ್ಟೇಜ್ 1 ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು) ಆದ ಮೇಲೆ 300 ಎಚ್‌ಪಿ ಹತ್ತಿರ ಇರಬೇಕು, ಶಕ್ತಿ ಅಳೆದ ಡೈನೊ ಚೀಟಿ ಎಲ್ಲಿಟ್ಟಿದ್ದೇನೋ ಸಿಗುತ್ತಿಲ್ಲ. ಮ್ಯಾಪ್ ಆದಾಗಿನಿಂದ ಒಂದೇ ಗೋಳು. ಎರಡನೇ ಗೇರಿನಲ್ಲೂ ಹಿಂದಿನ ಚಕ್ರ ಜಾರಿ ಟ್ರಾಕ್ಷನ್ ಲೈಟ್ ಮಿಣಮಿಣ. ಇದ್ದದ್ದು ಹಳೇ ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್. ಟೈರಿನ ಪಕ್ಕದ ಗೋಡೆ ಕಲ್ಲಿನಷ್ಟು ಗಟ್ಟಿ. ಔಟರ್ ರಿಂಗ್ ರೋಡಿನ ಒಂದೊಂದು ಗುಂಡಿಯೂ ಸೊಂಟಕ್ಕೇ ತಾಗುತ್ತಿತ್ತು.

ಗೆಳೆಯರ ಬಳಗದಲ್ಲಿ ಎಲ್ಲರದೂ ಒಂದೇ ರಾಗ. "275 ಹಾಕ್ಸು, ಟ್ರೆಡ್‌ವೇರ್ 200ರ ಕೆಳಗೆ ತಗೊ, ಬೇರೆ ಏನೂ ನೋಡ್ಬೇಡ." 275 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಟ್ರೆಡ್‌ವೇರ್ ಅಂದರೆ ಸವೆತದ ಅಂಕಿ, ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ ಅನ್ನುವುದು ಅವರ ಲೆಕ್ಕ. ನಾನು 255ರಲ್ಲೇ ಇರ್ತೀನಿ, ಟ್ರೆಡ್‌ವೇರ್ 300 ಇರೋ ಟೈರ್ ತಗೋತೀನಿ ಅಂದಾಗ ನಕ್ಕರು. ಈಗ ಅವರಲ್ಲೇ ಇಬ್ಬರು ನನ್ನ ಸೆಟಪ್ ಕಾಪಿ ಮಾಡಿದ್ದಾರೆ, ಅದು ಬೇರೆ ಮಾತು.

275ರ ಕಥೆ ಮೊದಲು ಮುಗಿಸುತ್ತೇನೆ. ನನ್ನ ಹಿಂಬದಿ ರಿಮ್ 8.5ಜೆ, ಅಂದರೆ ಎಂಟೂವರೆ ಇಂಚು ಅಗಲ. 255/40 ಆರ್18ಗೆ 8.5 ಅಂದರೆ ಕೆಳಗಿನ ಅಂಚು, ಆದರೂ ನಡೆಯುತ್ತದೆ. 275/35 ಆರ್18ಗೆ ಕಡಿಮೆ ಅಂದರೂ 9 ಬೇಕು. ಗೆಳೆಯನ ಹಳೇ ಜೋಡಿಯೊಂದನ್ನು ಸುಮ್ನೆ ನೋಡೋಣ ಅಂತ ಒಂದು ವಾರ ಹಾಕಿದ್ದೆ. ಗೋಡೆ ರಿಮ್ಮಿನಿಂದ ಹೊರಗೆ ಉಬ್ಬಿಕೊಂಡಿತ್ತು. ರಸ್ತೆ ಮೇಲೆ ಸೀಮೆಸುಣ್ಣದ ಪುಡಿ ಚೆಲ್ಲಿ ಗಾಡಿ ದಾಟಿಸಿದೆ. ಟೈರಿನ ನಡುವೆ ದಪ್ಪ ಬಿಳಿ ಪಟ್ಟೆ ಬಂತು, ಎರಡೂ ಅಂಚಿಗೆ ಪುಡಿಯೇ ಅಂಟಿರಲಿಲ್ಲ. ಅಂದರೆ ದುಡ್ಡು ಕೊಟ್ಟದ್ದು 275ಕ್ಕೆ, ನೆಲ ಮುಟ್ಟಿದ್ದು ಅಷ್ಟಕ್ಕಷ್ಟೆ. ಮೇಲಾಗಿ ಸುತ್ತಳತೆಯೂ ಕಮ್ಮಿ. 255/40 ಸುಮಾರು 661 ಮಿ.ಮೀ. ಎತ್ತರ, 275/35 650ರ ಹತ್ತಿರ. ಮುಂದಿನ 225/45 660. ಹಿಂದೆ ಮುಂದೆ ಚಕ್ರದ ವೇಗ ತಾಳೆಯಾಗದಿದ್ದರೆ ಟ್ರಾಕ್ಷನ್ ಕಂಟ್ರೋಲ್ ಸುಮ್ಮನಿರುತ್ತಾ? ಅಗಲದ ರಿಮ್ ಜೋಡಿ ತಗೊಳ್ಳೋಣ ಅಂದರೆ ಇನ್ನೊಂದು ಲಕ್ಷದ ಮಾತು. ಬೇಡವೇ ಬೇಡ.

ಆಮೇಲೆ ಅವರ ಇನ್ನೊಂದು ಮಾತನ್ನೂ ನೋಡೋಣ ಅಂತ 200 ಟ್ರೆಡ್‌ವೇರ್‌ನ ಒಂದು ಜಪಾನಿ ಟೈರ್. ಹೆಸರು ಹೇಳಲ್ಲ, ಟೈರ್ ಒಳ್ಳೆಯದೇ, ನನ್ನ ಕೆಲಸಕ್ಕಲ್ಲ. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಇಂಥ ಮಾಲು ಸಿಗುವುದೇ ಕಷ್ಟವಾಗಿತ್ತು. ಒಂದು ಅಂಗಡಿಯವನು "ಸಾರ್, ಕೊನೇ ಜೋಡಿ" ಅಂತ 60 ಸಾವಿರದ ಮೇಲೆ ಹೇಳಿದ. ಗೋಡೆ ಮೇಲೆ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ನೋಡಿದರೆ ಮೂರು ವರ್ಷ ಹಳೇದು. ಚೌಕಾಶಿ ಮಾಡಿ 48ಕ್ಕೆ ತಂದೆ. ಬಿಸಿಯಾದ ಮೇಲೆ ಆ ಟೈರಿನ ಹಿಡಿತ ಹೇಳತೀರದು, ನಿಜ. ಆದರೆ ಬಿಸಿಯಾಗಬೇಕಲ್ವಾ? ನಾನು ಗಾಡಿ ಓಡಿಸುವುದು ಡಿಸೆಂಬರ್ ಬೆಳಗ್ಗೆ ಐದೂವರೆಗೆ, ಹೊರಗೆ 16 ಡಿಗ್ರಿ. ಮೊದಲ ಇಪ್ಪತ್ತು ಕಿ.ಮೀ. ರನ್‌ಫ್ಲಾಟೇ ವಾಸಿ ಅನ್ನಿಸುತ್ತಿತ್ತು. ಬಿಸಿಯಾಗುವಷ್ಟರಲ್ಲಿ ಟ್ರಾಫಿಕ್ ಶುರು.

ಮಳೆಯಲ್ಲಂತೂ ಕೇಳಬೇಡಿ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಕಾಂಕ್ರೀಟ್ ಮೇಲೆ ನೀರು ಹರಿಯುತ್ತಿತ್ತು. ಎರಡನೇ ತಿರುವಿನಲ್ಲಿ ಆಕ್ಸಿಲರೇಟರ್ ಮುಟ್ಟಿದ್ದಷ್ಟೇ, ಹಿಂಭಾಗ ಪಕ್ಕಕ್ಕೆ ಬಂತು. ಹೆಂಡತಿ ಪಕ್ಕದಲ್ಲಿದ್ದಳು. ಗುಂಡ್ಯ ಬರುವ ತನಕ ಮಾತಿಲ್ಲ ಕಥೆಯಿಲ್ಲ. ಆ ಜೋಡಿಯನ್ನು ಟ್ರ್ಯಾಕ್‌ಗೆ ಹೋಗುವ ಹುಡುಗನೊಬ್ಬನಿಗೆ 30ಕ್ಕೆ ಕೊಟ್ಟೆ. ಹೋದದ್ದು 18 ಸಾವಿರ, ಬಿಚ್ಚಿ ಹಾಕಿದ್ದು, ಬ್ಯಾಲೆನ್ಸಿಂಗ್ ಬೇರೆ.

ಟ್ರೆಡ್‌ವೇರ್ ನಂಬರ್ ಹಿಡಿದು ಜಗಳ ಆಡುವವರಿಗೆ ಒಂದು ಮಾತು. ಅದನ್ನು ಕೊಡುವುದು ಟೈರ್ ಕಂಪನಿಯೇ. ಒಂದು ಕಂಪನಿಯ 200ಕ್ಕೂ ಇನ್ನೊಂದರ 300ಕ್ಕೂ ತಕ್ಕಡಿ ಹಿಡಿಯಲಾಗದು. ಪಕ್ಕದಲ್ಲಿರುವ 'ಎಎ' ಅನ್ನುವುದು ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದ್ದರ ಗ್ರೇಡು. ತಿರುವಿಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ ಹಾಕಿದ್ದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಅದೇ 255/40. ಜೋಡಿಗೆ 57 ಸಾವಿರದ ಆಸುಪಾಸು. ಬಿಎಂಡಬ್ಲ್ಯು ಒಪ್ಪಿದ್ದು ಅನ್ನುವ ನಕ್ಷತ್ರದ ಗುರುತು ಇರುವ ಟೈರೇ ಬೇಕು ಅಂತ ನಾನು ಹಟ ಹಿಡಿಯಲಿಲ್ಲ. ಮೊದಲು ಹಿಂದೆ ಮಾತ್ರ ಹಾಕಿ, ಮುಂದೆ ರನ್‌ಫ್ಲಾಟ್ ಹಾಗೇ ಬಿಟ್ಟು ನೋಡಿದೆ. ಹಿಂದೆ ಗೋಂದು, ಮುಂದೆ ಹಲಗೆ. ನಂದಿ ಬೆಟ್ಟದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರವಾಗಿ ಹೊರಟಿತು. ಎರಡು ತಿಂಗಳಾದ ಮೇಲೆ ಮುಂದಿನ ಜೋಡಿಯೂ ಬಂತು, ಮತ್ತೆ ನಲವತ್ತು ಚಿಲ್ಲರೆ.

ಆದರೆ ಅರ್ಧ ಕೆಲಸ ಟೈರಿನದ್ದಲ್ಲ. ಘಾಟಿ ಹತ್ತಿ ನಿಲ್ಲಿಸಿದ ಕೂಡಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ಹಿಂದಿನ ಟೈರಿನ ಒಳಗೆ, ನಡುವೆ, ಹೊರಗೆ ಮೂರು ಕಡೆ ನೋಡುತ್ತಿದ್ದೆ. ಅರ್ಧ ನಿಮಿಷ ತಡವಾದರೆ ಮೇಲ್ಪದರ ಆರಿಬಿಡುತ್ತದೆ, ಲೆಕ್ಕ ಸುಳ್ಳು. ಒಳ ಅಂಚು 68-70 ಡಿಗ್ರಿ, ಹೊರ ಅಂಚು 55. ಅಂದರೆ ಟೈರಿನ ಹೊರಗಿನ ಮೂರನೇ ಒಂದು ಭಾಗ ಸುಮ್ಮನೆ ಕೂತಿತ್ತು. ಎಫ್30ಯಲ್ಲಿ ಹಿಂದಿನ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಮೈನಸ್ ಅಂದರೆ ಒಳಕ್ಕೆ), ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡನ್ನೂ ಕಂಪನಿ ಬೋಲ್ಟಿನಲ್ಲೇ ತಿರುಗಿಸಬಹುದು. ಮೈನಸ್ 2 ಡಿಗ್ರಿ ಇದ್ದ ಕ್ಯಾಂಬರನ್ನು ಮೈನಸ್ ಒಂದೂಕಾಲಕ್ಕೆ ತಂದೆ. ಅಲೈನ್‌ಮೆಂಟ್ ಅಂಗಡಿಯವನು "ಹಸಿರು ಬಂದಿದೆ ಸಾರ್, ಸಾಕು" ಅಂತ ಎರಡು ಸಲ ವಾಪಸ್ ಕಳಿಸಿದ್ದ. ಮೂರನೇ ಸಲ ನಾನೇ ಪಿಟ್‌ನಲ್ಲಿ ಇಳಿದು ನಿಂತೆ. ಟೋ ಎಷ್ಟು ಇಟ್ಟೆ ಅನ್ನುವುದನ್ನು ಹೇಳುವುದಿಲ್ಲ, ಸ್ವಲ್ಪ ಒಳಮುಖ ಅಂತ ಮಾತ್ರ ತಿಳ್ಕೊಳ್ಳಿ. ಈಗ ಒಳಗೂ ಹೊರಗೂ ಶಾಖದಲ್ಲಿ ನಾಲ್ಕೈದು ಡಿಗ್ರಿಯಷ್ಟೇ ಅಂತರ.

ಗಾಳಿಯದ್ದೂ ಹಾಗೇ. ತಣ್ಣಗಿದ್ದಾಗ ತುಂಬಿದ್ದು ಘಾಟಿ ಹತ್ತುವಷ್ಟರಲ್ಲಿ 4-5 ಪಿಎಸ್‌ಐ ಏರುತ್ತದೆ. ಬಿಸಿಯಾದಾಗ ಎಷ್ಟಿರಬೇಕೋ ಅದನ್ನು ಮೊದಲು ಇಟ್ಟುಕೊಂಡು, ಏರುವಷ್ಟನ್ನು ಕಳೆದು ನಾನು ತುಂಬುತ್ತೇನೆ. ನೈಟ್ರೋಜನ್ ಕೂಡ ತುಂಬಿಸಿ ನೋಡಿದ್ದಾಯ್ತು, ಗೇಜಿನಲ್ಲಿ ಅರ್ಧ ಪಿಎಸ್‌ಐ ವ್ಯತ್ಯಾಸವೂ ಕಾಣಲಿಲ್ಲ.

ಫಲ ಹೇಳಬೇಕಲ್ಲ. ಏರ್‌ಸ್ಟ್ರಿಪ್ ಮೇಲೆ ನಡೆದ ಡ್ರ್ಯಾಗ್ ಈವೆಂಟಿನಲ್ಲಿ 0-100 ಕಿ.ಮೀ. ವೇಗ ರನ್‌ಫ್ಲಾಟಿನಲ್ಲಿ 6 ಸೆಕೆಂಡಿನ ಆಚೆ ಈಚೆ ಬರುತ್ತಿತ್ತು, ಈಗ 5.4. ಒಮ್ಮೆ 5.3 ಬಂದಿತ್ತು, ಹಿಂಗಾಳಿ ಇತ್ತು ಅಂತ ಬೇಕಾದರೆ ಅಂದುಕೊಳ್ಳಿ. 275 ಹಾಕಿಕೊಂಡು ಬಂದಿದ್ದ ಗೆಳೆಯನ ಅದೇ ಮ್ಯಾಪಿನ ಗಾಡಿ ಅವತ್ತು ನನ್ನ ಹಿಂದೆ. ಜುಲೈನಲ್ಲಿ ಮತ್ತೆ ಶಿರಾಡಿ ಇಳಿದೆವು, ಹೆಂಡತಿ ಮಾರನಹಳ್ಳಿ ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ರನ್‌ಫ್ಲಾಟ್ ತೆಗೆದರೆ ಸ್ಟೆಪ್ನಿ ಚಿಂತೆ ಇದ್ದೇ ಇದೆ. ಡಿಕ್ಕಿಯಲ್ಲಿ ಸಣ್ಣ ಸ್ಟೆಪ್ನಿ, ಜ್ಯಾಕ್, ಪಂಪ್ ಇಟ್ಟಿದ್ದೇನೆ, ಸೂಟ್‌ಕೇಸ್ ಹಿಂದಿನ ಸೀಟಿಗೆ ಬಂದಿದೆ. ಹಿಂದಿನ ಜೋಡಿ 15 ಸಾವಿರ ಕಿ.ಮೀ. ಆಗಿರಬೇಕು, ನಡುವಿನ ಗೀರಿನಲ್ಲಿ 4 ಮಿ.ಮೀ. ಹತ್ತಿರ ಉಳಿದಿದೆ. ಕಾನೂನು 1.6 ತನಕ ಬಿಡುತ್ತದೆ, ನಾನು ಮಳೆಗಾಲಕ್ಕೆ ಮುಂಚೆ 3ಕ್ಕೇ ಬದಲಾಯಿಸುತ್ತೇನೆ. ಮುಂದಿನ ಸಲ ಕೊಳ್ಳುವ ಜೋಡಿಗೆ ಈಗಲೇ ತಿಂಗಳಿಗೆ ಮೂರು ಸಾವಿರ ಎತ್ತಿಡುತ್ತಿದ್ದೇನೆ.