ಕೇಳದೆ ಹಾಕಿದ ಟೆಂಟು

ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹತ್ತಿ, ಸಂಜೆಯೊಳಗೆ ಇಳಿದು ರೂಢಿಯಾದವನು ನಾನು. ಸ್ಕಾಟ್ಲೆಂಡಿನಲ್ಲಿ ಯಾರದೋ ಖಾಸಗಿ ಗುಡ್ಡದಲ್ಲಿ, ಯಾರನ್ನೂ ಕೇಳದೆ ರಾತ್ರಿ ಮಲಗಬಹುದು ಎಂದಾಗ ನಂಬಲೇ ಇಲ್ಲ. ಭೂಸುಧಾರಣೆ ಎಂದರೆ ನಮಗೆ ಉಳುವವನೇ ಹೊಲದೊಡೆಯ. ಅಲ್ಲಿ ಅದೇ ಹೆಸರಿನ 2003ರ ಕಾಯ್ದೆ ದಾರಿಹೋಕನಿಗೂ ನೆಲದ ಮೇಲೊಂದು ಹಕ್ಕು ಕೊಟ್ಟಿದೆ. ಕಾರು, ವ್ಯಾನಿಗೆ ಅನ್ವಯಿಸದು. ನಡೆದು ಬಂದವರಿಗೆ, ಸೈಕಲ್ಲಿನವರಿಗೆ, ಕುದುರೆ ಸವಾರರಿಗೆ.

ಅರ್ಧಂಬರ್ಧ ತಿಳಿದುಕೊಂಡು ಮೊದಲು ಹೋದದ್ದು ಲೋಮಂಡ್ ಸರೋವರದ ಪೂರ್ವ ದಡಕ್ಕೆ. ಅನ್ನಕ್ಕೆ ನೀರಿಟ್ಟಿದ್ದೆ, ರೇಂಜರ್ ಒಬ್ಬರು ಬಂದರು. ಆ ದಡದ ಕೆಲವು ಭಾಗಗಳಲ್ಲಿ 2017ರಿಂದ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟು ಹಾಕಲು ಪರ್ಮಿಟ್ ಬೇಕು. ಯಾಕೆಂದು ಕೇಳಿದ್ದಕ್ಕೆ ಪಕ್ಕದ ಮರ ತೋರಿಸಿದರು: ಯಾರೋ ಹಸಿ ಕೊಂಬೆ ಮುರಿದಿದ್ದರು, ಬುಡದಲ್ಲಿ ಕರಿ ಬೂದಿ, ಬೂದಿಯಲ್ಲಿ ಬಾಟಲಿ ಚೂರು. ಸುಮ್ಮನೆ ಟೆಂಟು ಮಡಚಿದೆ. ಕಾನೂನು ಓದದೆ ಹೋದದ್ದು ನನ್ನದೇ ತಪ್ಪು.

ಮುಂದಿನ ಜುಲೈಯಲ್ಲಿ ಗ್ಲಾಸ್ಗೋದಿಂದ ರೈಲು ಹತ್ತಿ ಕರೌರ್‌ನಲ್ಲಿ ಇಳಿದೆ. ಆ ಸ್ಟೇಷನ್ನಿಗೆ ಸಾರ್ವಜನಿಕ ರಸ್ತೆಯೇ ಇಲ್ಲ. ಆಸಿಯನ್ ಸರೋವರ ದಾಟಿ ಮೇಲೆ ನಡೆದು ಜಾಗ ಹುಡುಕಲು ಒಂದು ಗಂಟೆ ಬೇಕಾಯಿತು. ಹಸಿರಾಗಿ ಸಮತಟ್ಟಾಗಿ ಕಾಣುವ ಕಡೆಯೇ ಮೋಸ. ಕಾಲಿಟ್ಟರೆ ಪಾಚಿಯಡಿ ನೀರು ಬುಳಕ್ಕೆಂದು ಉಕ್ಕುತ್ತದೆ. ಕಂದು ಹುಲ್ಲಿನ ಸಣ್ಣ ದಿಬ್ಬವೇ ಒಳ್ಳೆಯದು. ಅಲ್ಲಿ ಗಾಳಿಯೂ ಆಡುತ್ತದೆ. ಗಾಳಿ ನಿಂತರೆ ನೊರಜು ಮುಖಕ್ಕೆ ಮುತ್ತಿಕೊಳ್ಳುತ್ತವೆ, ಬಾಯಿ ತೆರೆಯಲಾಗದು.

ಬೆಂಕಿ ಹಾಕಲಿಲ್ಲ, ಗ್ಯಾಸ್ ಸ್ಟವ್ ಮಾತ್ರ. ಅಲ್ಲಿಯದು ಅರೆಕೊಳೆತ ಪಾಚಿ ಸಾವಿರಾರು ವರ್ಷ ಒತ್ತಿ ಆದ ಪೀಟ್ ಮಣ್ಣು. ಒಣಗಿದ್ದಾಗ ಕಿಡಿ ಬಿದ್ದರೆ ನೆಲದೊಳಗೇ ಹೊಗೆಯಾಡುತ್ತಾ ಹರಡುತ್ತದೆ. ಬಹಿರ್ದೆಸೆಗೆ ನೀರಿನಿಂದ ಮೂವತ್ತು ಮೀಟರಾದರೂ ದೂರ ಹೋಗಿ ಪುಟ್ಟ ಸಲಿಕೆಯಿಂದ ಗುಂಡಿ ತೋಡಿ ಮುಚ್ಚಿದೆ. ಎರಡು ಮೂರು ರಾತ್ರಿಗಿಂತ ಹೆಚ್ಚು ಒಂದೇ ಕಡೆ ಇರಬಾರದು. ನಾನು ಒಂದೇ ರಾತ್ರಿ ಇದ್ದೆ.

ಬೆಳಿಗ್ಗೆ ಟೆಂಟು ಎತ್ತಿದಾಗ ಹುಲ್ಲು ಚಾಪೆಯಂತೆ ಮಲಗಿತ್ತು. ಮಂಡಿಯೂರಿ ಬೆರಳಿನಿಂದ ಬಾಚಿ ಎಬ್ಬಿಸಿದೆ. ಇಳಿಯುವಾಗ ಆ ಗುಡ್ಡದ ಒಡೆತನದ ಎಸ್ಟೇಟಿನವರೊಬ್ಬರು ಗಾಡಿ ನಿಲ್ಲಿಸಿ, ಎಲ್ಲಿ ಮಲಗಿದ್ದೆ ಎಂದು ಕೇಳಿದರು. ದಿಬ್ಬ ತೋರಿಸಿದೆ. ಅತ್ತ ನೋಡಿ ತಲೆಯಾಡಿಸಿ, "ಇನ್ನು ಜಿಂಕೆ ಬೇಟೆಯ ಕಾಲ. ಮತ್ತೆ ಬರುವುದಾದರೆ ಯಾವ ಗುಡ್ಡದಲ್ಲಿ ಬೇಟೆಯಿದೆ ಅಂತ ಮೊದಲೇ ವಿಚಾರಿಸಿಕೊಂಡು ಬನ್ನಿ" ಎಂದು ಹೊರಟರು.