ಫಸಲು ಮಾರಿ, ತೋಟ ಕೊಡಬೇಡಿ: ಅಡಿಕೆ ಚೇಣಿ ಕರಾರು ಬರೆಯುವುದು ಹೇಗೆ?

ದೀಪಾವಳಿ ಕಳೆಯುವ ಹೊತ್ತಿಗೆ ಸಾಗರದ ನನ್ನ ಕಚೇರಿಗೆ ಚೇಣಿ, ಅಂದರೆ ಮರದ ಮೇಲಿನ ಫಸಲು ಮಾರಾಟದ ಜಗಳಗಳು ಬರತೊಡಗುತ್ತವೆ. ಹೋದ ವರ್ಷ ಹೊಸನಗರ ಕಡೆಯ ಹಿರಿಯರೊಬ್ಬರು ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮಡಿಕೆಯ ಗೆರೆಯಲ್ಲಿ ಹರಿದಿತ್ತು, ಅಂಚಿಗೆ ಅಡಿಕೆ ಬೇಯಿಸಿದ ಚೊಗರಿನ ಕಲೆ. ಮೇಲೆ ದಪ್ಪಕ್ಷರದಲ್ಲಿ ‘ಗೇಣಿ ಕರಾರು ಪತ್ರ’ ಎಂದು ಅಚ್ಚಾಗಿತ್ತು. ಸಹಿ ನೀಲಿ ಶಾಯಿಯಲ್ಲಿ, ಮೊತ್ತ ಕಪ್ಪು ಶಾಯಿಯಲ್ಲಿ. “ಸಹಿ ಹಾಕುವಾಗ ಅಲ್ಲಿ ಅಂಕಿ ಇರ್ಲಿಲ್ಲ ವಕೀಲ್ರೇ, ಆಮೇಲೆ ತುಂಬ್ತೀನಿ ಅಂದಿದ್ರು” ಎಂದರು. ಮೋಸ ಮಾಡಲೆಂದೇ ಬಂದ ಚೇಣಿದಾರರಿಂದ ಹಾಳಾದ ಮನೆಗಳಿಗಿಂತ ಇಂಥ ಕಾಗದದಿಂದ ಹಾಳಾದ ಮನೆಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಕರಾರು ಕೆಡುವುದು ಮೂರು ಬಗೆಯಲ್ಲಿ. ಕೆಲವು ಹುಟ್ಟುವಾಗಲೇ ಸತ್ತಿರುತ್ತವೆ. ಕಾನೂನು ಅವನ್ನು ಅನೂರ್ಜಿತ ಎನ್ನುತ್ತದೆ. ಇನ್ನು ಕೆಲವು ಬದುಕಿರುತ್ತವೆ, ಆದರೆ ಮೋಸಕ್ಕೋ ಬಲವಂತಕ್ಕೋ ಒಳಗಾದವರು ‘ಇದು ನನಗೆ ಬೇಡ’ ಎಂದು ಕೋರ್ಟಿಗೆ ಹೇಳಿ ರದ್ದು ಮಾಡಿಸಬಹುದು. ಮೂರನೆಯವು ಸರಿಯಾಗಿಯೇ ಇದ್ದರೂ ಸ್ಟಾಂಪ್, ನೋಂದಣಿ, ಕಾಲಮಿತಿಯಂಥ ಕಾರಣಕ್ಕೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಂ ಕೇಳುವುದು ಇಷ್ಟು: ಕರಾರು ಮಾಡುವ ಅರ್ಹತೆಯುಳ್ಳವರು, ಮುಕ್ತ ಒಪ್ಪಿಗೆ, ಕಾನೂನು ಒಪ್ಪುವ ಪ್ರತಿಫಲ ಮತ್ತು ಉದ್ದೇಶ. ಬಾಯಿಮಾತಿನ ಚೇಣಿಯೂ ಕರಾರೇ. ಆದರೆ ಜಗಳ ಬಂದಾಗ ಬಾಯಿಮಾತಿಗೆ ಸಾಕ್ಷಿ ಹುಡುಕುವುದು ಎಷ್ಟು ಕಷ್ಟ ಎಂದು ನೋಡಿ ನೋಡಿ ಸಾಕಾಗಿದೆ. ಬರೆದೇ ಬಿಡಿ.

ಮೊದಲ ಕೆಲಸ: ಸಹಿ ಹಾಕುವವರು ಯಾರು?

ಪಹಣಿ ತೆಗೆಸಿ ನೋಡಿ. ಅದು ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದು, ಅಣ್ಣ ತಮ್ಮ, ಅಕ್ಕ ತಂಗಿಯರಿಗೆ ಪಾಲಿದ್ದರೆ ಎಲ್ಲರ ಒಪ್ಪಿಗೆಯ ಸಹಿ ಪಡೆಯಿರಿ. ಮದುವೆಯಾಗಿ ಹೋದ ತಂಗಿಯನ್ನು ಕೇಳುವುದೇನು ಎನ್ನಬೇಡಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯೇ ಹೇಳಿದೆ. ತೋಟ ಹದಿನೆಂಟು ತುಂಬದ ಹುಡುಗನ ಹೆಸರಿಗೆ ಬಂದಿದ್ದರೆ ಅವನಿಂದ ಸಹಿ ಹಾಕಿಸಲೇಬೇಡಿ. ಅಪ್ರಾಪ್ತರ ಕರಾರು ಪೂರ್ತಿ ಅನೂರ್ಜಿತ ಎಂದು 1903ರಲ್ಲೇ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿತು. ವಯಸ್ಸು ತುಂಬಿದ ಮೇಲೆ ‘ಹಳೆಯದಕ್ಕೆ ಒಪ್ಪಿದ್ದೇನೆ’ ಎಂದರೂ ಅದಕ್ಕೆ ಜೀವ ಬರುವುದಿಲ್ಲ. ತಂದೆ ಇಲ್ಲದಿದ್ದರೆ ತಾಯಿ ಪಾಲಕಿಯೆಂದು ಬರೆದು ಸಹಿ ಮಾಡಲಿ.

ಎರಡನೆಯದು, ಎಲ್ಲರೂ ಎಡವುವ ಜಾಗ: ಏನು ಮಾರುತ್ತಿದ್ದೀರಿ?

ಇಲ್ಲಿ ನಿಧಾನವಾಗಿ ಓದಿ. ಚೇಣಿ ಎಂದರೆ ಮರದ ಮೇಲಿನ ಫಸಲಿನ ಮಾರಾಟ. ಗೇಣಿ ಎಂದರೆ ಜಮೀನನ್ನೇ ಇನ್ನೊಬ್ಬರ ಅನುಭೋಗಕ್ಕೆ ಬಿಡುವುದು. ಆಡುವಾಗ ಒಂದಕ್ಷರದ ಅಂತರ, ಕಾನೂನಿನಲ್ಲಿ ಅಜಗಜಾಂತರ. ಕಾಗೋಡಿನ ರೈತರು 1951ರಲ್ಲಿ ಗೇಣಿ ಪದ್ಧತಿಯ ವಿರುದ್ಧ ಹೋರಾಡಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಆಮೇಲೆ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಸೈನಿಕರೇ ಮೊದಲಾದ ಕೆಲವರಿಗೆ ಕೊಟ್ಟ ವಿನಾಯಿತಿ ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಆ ಕಾಯ್ದೆಯ 5ನೇ ಕಲಂ ನಿಷೇಧಿಸಿದೆ. ಹಾಗಿರುವಾಗ ‘ಗೇಣಿ ಕರಾರು’ ಎಂದು ನೀವೇ ಬರೆದುಕೊಟ್ಟರೆ, ಬಾಕಿ ಹಣ ಕೇಳಲು ಕೋರ್ಟಿಗೆ ಹೋದ ದಿನ ಎದುರು ಪಕ್ಷದ ವಕೀಲರು ಎತ್ತುವ ಮೊದಲ ಮಾತು, ಈ ಕರಾರೇ ಅನೂರ್ಜಿತ ಎಂಬುದು.

ಹೆಸರು ಬದಲಿಸಿದರೆ ಸಾಲದು. ಕೋರ್ಟ್ ತಲೆಬರಹಕ್ಕಿಂತ ಒಳಗಿನ ಮಾತನ್ನು ನೋಡುತ್ತದೆ. ‘ಐದು ವರ್ಷ ತೋಟವನ್ನು ಸ್ವಾಧೀನಕ್ಕೆ ಕೊಟ್ಟಿದೆ, ಗೊಬ್ಬರ, ನೀರು, ಬೇಸಾಯ ಎಲ್ಲ ಅವರದೇ’ ಎಂದು ಬರೆದು ಮೇಲೆ ಚೇಣಿ ಎಂದರೆ ಅದು ಗೇಣಿಯಂತೆಯೇ ಕಾಣುತ್ತದೆ. ನಾನು ಬರೆಸುವ ಸಾಲುಗಳು ಇವು: ‘ಸದರಿ ತೋಟದ ಈ ಒಂದು ಸಾಲಿನ ಅಡಿಕೆ ಫಸಲನ್ನು ಮಾತ್ರ ಮಾರಿರುತ್ತೇನೆ. ತೋಟದ ಸ್ವಾಧೀನ ಮತ್ತು ಬೇಸಾಯ ನನ್ನಲ್ಲಿಯೇ ಇರುತ್ತದೆ. ಅಡಿಕೆ ಕೊನೆ (ಗೊನೆ) ಕೊಯ್ಯಲು, ಕಾಯಲು, ಸಾಗಿಸಲು ತೋಟಕ್ಕೆ ಬಂದು ಹೋಗುವ ಅವಕಾಶ ಮಾತ್ರ ಕೊಟ್ಟಿರುತ್ತೇನೆ.’ ಒಂದು ಫಸಲಿಗೆ ಒಂದು ಕಾಗದ. ಮೂರು ವರ್ಷದ್ದು ಒಟ್ಟಿಗೆ ಬರೆದರೆ ಮುಂಗಡ ಹೆಚ್ಚು ಸಿಗುತ್ತದೆ ಎಂಬ ಆಸೆಗೆ ಬೀಳಬೇಡಿ.

ಫಸಲಷ್ಟೇ ಮಾರಿದರೆ ಇನ್ನೊಂದು ಅನುಕೂಲವಿದೆ. 1908ರ ನೋಂದಣಿ ಕಾಯ್ದೆ ಮರದ ಮೇಲಿನ ಕಾಯನ್ನು ಚರ ಸ್ವತ್ತು ಎಂದೇ ಎಣಿಸುತ್ತದೆ. ಆದ್ದರಿಂದ ಇಂಥ ಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಕಡ್ಡಾಯವಲ್ಲ.

ಚೇಣಿಯ ಜೊತೆಗೇ ‘ಬೆಟ್ಟದ ನಾಲ್ಕು ಮರವನ್ನೂ ಸೇರಿಸಿಕೊಳ್ಳಿ’ ಎಂಬ ಮಾತೂ ಕೆಲವೊಮ್ಮೆ ಸೇರುತ್ತದೆ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನಬೆಟ್ಟದ ಮರ ನಿಮ್ಮ ಮಾರಾಟದ ಸರಕಲ್ಲ. ಕಾನೂನು ಒಪ್ಪದ ಉದ್ದೇಶ ಬೆರೆತರೆ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಕರಾರು ಬೀಳುತ್ತದೆ. ಅನೂರ್ಜಿತ ಎಂದು ಆಮೇಲೆ ತಿಳಿದುಬಂದರೆ ಪಡೆದದ್ದನ್ನು ಹಿಂತಿರುಗಿಸಬೇಕು ಎಂದು 65ನೇ ಕಲಂ ಹೇಳುತ್ತದೆ ನಿಜ. ಆದರೆ ತಪ್ಪೆಂದು ಇಬ್ಬರಿಗೂ ಮೊದಲೇ ಗೊತ್ತಿದ್ದ ವ್ಯವಹಾರಕ್ಕೆ ಆ ಆಸರೆ ಸಿಗುವುದು ಕಷ್ಟ.

ಮೂರನೆಯದು: ಅಳತೆ, ದರ, ದಿನಾಂಕ

‘ಒಳ್ಳೆ ಅಡಿಕೆ ಕೊಡತಕ್ಕದ್ದು’ ಎಂದರೆ ಯಾವುದು? ರಾಶಿಯೋ, ಬೆಟ್ಟೆಯೋ, ಸರಕೋ? ಅರ್ಥ ನಿಖರವಲ್ಲದ, ನಿಖರಪಡಿಸಲೂ ಆಗದ ಕರಾರು 29ನೇ ಕಲಂ ಪ್ರಕಾರ ಅನೂರ್ಜಿತ. ಕಾಯ್ದೆಯೇ ಕೊಡುವ ಉದಾಹರಣೆ ‘ನೂರು ಟನ್ ಎಣ್ಣೆ’ ಮಾರುವ ಕರಾರು. ಯಾವ ಎಣ್ಣೆ ಎಂದು ಹೇಳದ್ದರಿಂದ ಅದು ನಿಲ್ಲುವುದಿಲ್ಲ. ಕ್ವಿಂಟಾಲ್ ಹಸಿ ಅಡಿಕೆಗೆ ಚೇಣಿದಾರರು ಇಂತಿಷ್ಟು ಒಣ ಅಡಿಕೆ ಕೊಡಬೇಕೆಂಬ ಲೆಕ್ಕದಲ್ಲಿ ಮಾತಾಗಿದ್ದರೆ ಎಷ್ಟು ಕೆ.ಜಿ., ಯಾವ ಬಗೆಯದು, ಎಂದಿನೊಳಗೆ ಎಂದು ಬರೆಯಿರಿ. ಹಣದ ಲೆಕ್ಕವಾದರೆ ‘ಮಾರುಕಟ್ಟೆ ದರ’ ಎಂದಷ್ಟೇ ಬಿಡದೆ ಯಾವ ಎಪಿಎಂಸಿ, ಯಾವ ದಿನದ ದರ ಎಂದು ಬರೆಯಿರಿ. ಶಿವಮೊಗ್ಗದ ದರ ಬೇರೆ, ಸಾಗರದ್ದು ಬೇರೆ.

ಕೊಳೆ ರೋಗ ಬಂದರೆ ನಷ್ಟ ಯಾರಿಗೆ ಎಂಬುದನ್ನು ಬರೆಯದೆ ಬಿಡುವವರೇ ಹೆಚ್ಚು. ‘ನೆರವೇರಿಸಲು ಅಸಾಧ್ಯವಾದರೆ ಕರಾರು ಬೀಳುತ್ತದೆ’ ಎಂಬ 56ನೇ ಕಲಂ ಇದೆಯಲ್ಲ ಎಂದು ಚೇಣಿದಾರರು ಅದನ್ನು ಹಿಡಿದು ಬರುತ್ತಾರೆ. ದರ ಕುಸಿದದ್ದು, ಲಾಭ ಕಡಿಮೆಯಾದದ್ದು ಅಸಾಧ್ಯತೆಯಲ್ಲ. ಫಸಲೇ ನೆಲಕಚ್ಚಿದರೆ ಮಾತ್ರ ವಾದಕ್ಕೆ ಜಾಗವಿದೆ. ಆ ವಾದಕ್ಕೆ ಆಸ್ಪದ ಕೊಡದೆ, ಕೊಳೆಗೆ ಬೋರ್ಡೋ ದ್ರಾವಣ ಹೊಡೆಸುವವರು ಯಾರು, ಎಷ್ಟು ಸಲ, ಉದುರಿದರೆ ಎಷ್ಟು ಕಡಿತ ಎಂದು ಮೂರು ಸಾಲು ಬರೆದುಬಿಡಿ. ಎಲೆಚುಕ್ಕೆ ರೋಗ ಕಾಣಿಸಿಕೊಂಡ ಊರುಗಳಲ್ಲಿ ಅದನ್ನೂ ಹೆಸರಿಸಿ.

ಚೇಣಿ ಹಿಡಿಯುವವರಿಗೊಂದು ಮಾತು: ತೋಟವನ್ನು ತುದಿಯಿಂದ ತುದಿಗೆ ನಡೆದು ನೋಡಿ. ಮಾಲೀಕರು ಸುಳ್ಳು ಹೇಳಿ ನಂಬಿಸಿದರೆ ಕರಾರು ರದ್ದಾಗಬಹುದು. ಆದರೆ ಅವರು ಬರೀ ಸುಮ್ಮನಿದ್ದು, ನೀವು ಕಣ್ಣಾರೆ ನೋಡಿದ್ದರೆ ತಿಳಿಯುವಂತಿದ್ದ ಕೊಳೆಯನ್ನು ನೋಡದೆ ಬಿಟ್ಟಿದ್ದರೆ ಕಾನೂನು ನಿಮ್ಮ ಪರ ನಿಲ್ಲುವುದಿಲ್ಲ.

ನಾಲ್ಕನೆಯದು: ಖಾಲಿ ಜಾಗಕ್ಕೆ ಸಹಿ ಬೇಡ

ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಅಚ್ಚಿನ ಫಾರಂ ಕೊಳ್ಳಬೇಡಿ. ಆ ಹಿರಿಯರ ‘ಗೇಣಿ’ ಬಂದದ್ದೇ ಅಲ್ಲಿಂದ. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿಂದಾದರೂ ಸರಿ, ಕೈಬರಹದಲ್ಲಿ, ಕನ್ನಡದಲ್ಲಿ, ನೀವು ಮಾತಾಡಿಕೊಂಡಿದ್ದನ್ನೇ ಬರೆಸಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಉಳಿದ ಖಾಲಿ ಜಾಗಕ್ಕೆ ಗೆರೆ ಎಳೆಯಿರಿ, ಪ್ರತಿ ಪುಟಕ್ಕೂ ಸಹಿ ಬೀಳಲಿ. ಹೆಬ್ಬೆಟ್ಟು ಒತ್ತುವವರಿದ್ದರೆ ಜೋರಾಗಿ ಓದಿ ಹೇಳಿ, ‘ಓದಿ ತಿಳಿಸಲಾಗಿದೆ’ ಎಂದು ಬರೆದು, ಓದಿದವರೂ ಸಹಿ ಮಾಡಬೇಕು.

ಭದ್ರತೆಗೆಂದು ಖಾಲಿ ಚೆಕ್ ಕೊಡುವುದು ಇನ್ನೂ ಕೆಟ್ಟದ್ದು. ಸಹಿ ನಿಮ್ಮದಾಗಿದ್ದರೆ, ಮೊತ್ತವನ್ನು ಬೇರೆಯವರು ತುಂಬಿದ್ದರೂ ಸಾಲವಿತ್ತೆಂದೇ ಕಾನೂನು ಊಹಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಇಲ್ಲ ಎಂದು ತೋರಿಸುವ ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ.

ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಅವಸರವಿದ್ದಾಗ ಸಿಕ್ಕಿದ ದರಕ್ಕೆ ಚೇಣಿ ಕೊಟ್ಟು, ಆಮೇಲೆ ‘ಒತ್ತಡದಲ್ಲಿ ಸಹಿ ಹಾಕಿದೆ’ ಎನ್ನುವವರು ಬರುತ್ತಾರೆ. ನನಗೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ದುಡ್ಡಿನ ತುರ್ತೊಂದೇ ಸಾಲದು. ಎದುರಿನವರು ನಿಮ್ಮ ಮೇಲೆ ಹಿಡಿತವಿರುವ ಸ್ಥಾನದಲ್ಲಿದ್ದರು, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದರು ಎಂದು ತೋರಿಸಬೇಕಾಗುತ್ತದೆ. ಸಹಿಗೆ ಮುಂಚೆ ಒಂದು ದಿನ ತಡೆದು ಯಾರನ್ನಾದರೂ ಕೇಳಿ. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿದರೂ ಸಲಹೆ ಸಿಗುತ್ತದೆ.

ಉಳಿದದ್ದು

ಸರಿಯಾದ ಮೌಲ್ಯದ ಇ-ಸ್ಟಾಂಪ್ ಕಾಗದ ಬಳಸಿ. ಸ್ಟಾಂಪ್ ಕಡಿಮೆಯಿದ್ದರೆ ಪತ್ರ ಸಾಯುವುದಿಲ್ಲ, ಆದರೆ ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಕೋರ್ಟ್ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ನೋಟರಿ ಮೊಹರು ಬಿದ್ದರೆ ಎಲ್ಲ ಭದ್ರ ಎಂಬ ನಂಬಿಕೆ ಬಿಡಿ; ಅನೂರ್ಜಿತ ಕರಾರಿಗೆ ಹತ್ತು ಮೊಹರು ಒತ್ತಿದರೂ ಅದು ಅನೂರ್ಜಿತವೇ.

‘ತಪ್ಪಿದರೆ ಮುಂಗಡದ ನಾಲ್ಕು ಪಟ್ಟು ದಂಡ’ ಎಂದು ಬರೆದುಕೊಂಡರೂ ಅಷ್ಟೂ ಸಿಗುವುದಿಲ್ಲ. 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮೇಲ್ಮಿತಿ ಅಷ್ಟೇ. ಮೂರ್ನಾಲ್ಕು ಜನ ಪಾಲುದಾರರಾಗಿ ಚೇಣಿ ಹಿಡಿಯುವವರು ಸಂಸ್ಥೆಯನ್ನು ನೋಂದಾಯಿಸಿಕೊಳ್ಳಿ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ, ಆದರೆ ಅವರು ನಿಮ್ಮ ಮೇಲೆ ಹೂಡಬಹುದು.

ಕೊನೆಯ ಕೆಲಸ ತೂಕದ ಚೀಟಿ. ಪ್ರತಿ ಕೊಯ್ಲಿನ ತೂಕವನ್ನು ಅಂದೇ ಎರಡು ಪ್ರತಿ ಬರೆದು ಇಬ್ಬರೂ ಸಹಿ ಮಾಡಿ, ಒಂದನ್ನು ಪಹಣಿಯ ಜೊತೆ ಇಡಿ. ಕರಾರು ಮುರಿದರೆ ದಾವೆಗೆ ಇರುವುದು ಮೂರು ವರ್ಷ. ‘ಬರೋ ವರ್ಷ ಕೊಡ್ತೀನಿ ಮಾರಾಯ್ರೇ’ ಎಂಬ ಮಾತಿನಲ್ಲೇ ಆ ಮೂರು ವರ್ಷ ಕಳೆದುಹೋಗುತ್ತದೆ. ಅವಧಿ ಮುಗಿಯುವ ಮೊದಲೇ ‘ಇಂತಿಷ್ಟು ಬಾಕಿ ಕೊಡಬೇಕಿದೆ’ ಎಂದು ಅವರಿಂದ ಬರೆಸಿ, ದಿನಾಂಕ ಹಾಕಿಸಿ ಸಹಿ ಪಡೆದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ.