ಮಗು ಹೇಳಿಕೊಂಡಾಗ ಮೊದಲು ಮಾಡಬೇಕಾದ್ದು

ಮಂಡ್ಯದ ಪೋಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ನಮಸ್ಕಾರ. ಶಾಲೆಯಲ್ಲೋ ವ್ಯಾನಿನಲ್ಲೋ ಯಾರೋ ಕೆಟ್ಟದಾಗಿ ಮೈ ಮುಟ್ಟಿದರು ಅಂತ ಮಗು ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. "ನಿಜಾನಾ? ನೀನ್ಯಾಕೆ ಅಲ್ಲಿಗೆ ಹೋದೆ?" ಅನ್ನಬೇಡಿ. ಅಜ್ಜಿ ಮುಂದೆ ಒಂದ್ಸಲ, ಹೆಡ್‌ಮಾಸ್ಟರ್ ಮುಂದೆ ಇನ್ನೊಂದ್ಸಲ ಹೇಳಿಸಲೂಬೇಡಿ, ಮಗು ಹೆದರಿ ಬಾಯಿ ಬಿಡೋದನ್ನೇ ನಿಲ್ಲಿಸುತ್ತೆ. ಅದು ಹೇಳಿದ್ದನ್ನು ಅದರ ಮಾತಲ್ಲೇ, ದಿನಾಂಕ ಹಾಕಿ ಬರೆದಿಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ.

ಆಮೇಲೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತೆ, ಕರೆ ಉಚಿತ. ಠಾಣೆಗೂ ದೂರು ಕೊಡಬಹುದು. ಮಗುವನ್ನು ಠಾಣೆ ಮೆಟ್ಟಿಲು ಹತ್ತಿಸಬೇಕಲ್ಲ ಅನ್ನೋ ಭಯಕ್ಕೇ ಎಷ್ಟೋ ಮನೆಯವರು ಸುಮ್ಮನಾಗ್ತಾರೆ, ನನಗೆ ತುಂಬಾ ಸಂಕಟ ಆಗೋದು ಇದಕ್ಕೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಇರುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಪಡೆಯುವ ಅಧಿಕಾರಿ ಯೂನಿಫಾರ್ಮ್‌ನಲ್ಲಿ ಇರಬಾರದು, ಸಾಧ್ಯವಾದಷ್ಟೂ ಮಹಿಳೆಯೇ ಆಗಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗೇ ಇಲ್ಲ.

ಗೊತ್ತಿದ್ದೂ ಮುಚ್ಚಿಡೋದು ಶಿಕ್ಷೆಯಾಗುವ ಅಪರಾಧ. "ಶಾಲೆ ಮರ್ಯಾದೆ" ಅಂತ ರಾಜಿ ಮಾಡಿಸಲು ಬರುವವರಿಗೆ ಇದನ್ನು ಮುಖಕ್ಕೇ ಹೇಳಿ. ಮಗುವಿನ ಹೆಸರು, ಫೋಟೊ ಯಾವ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ, ಈ ಗ್ರೂಪಿಗೂ ಕೂಡ.